ಹರಿಹರದಿಂದ ಜೀಪು ಕಟ್ಟಿ ತಂದದ್ದು

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ದಾವಣಗೆರೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ನಮ್ಮವರದು ಹಳ್ಳಿಹಳ್ಳಿಗೆ ಹೋಗಿ ನೀರೆತ್ತುವ ಪಂಪ್‌ಸೆಟ್ಟು ಕೂರಿಸುವ, ಕೆಟ್ಟರೆ ರಿಪೇರಿ ಮಾಡುವ ಕೆಲಸ. ಓಡಾಟಕ್ಕೆ ಒಂದು ಸ್ಕೂಟರ್ ಇತ್ತು. ಬೇಸಿಗೆಯಲ್ಲಿ ಅದು ಅವರನ್ನು ಹೊರುತ್ತಿತ್ತು, ಮಳೆಗಾಲದಲ್ಲಿ ಅವರು ಅದನ್ನು ಹೊರುತ್ತಿದ್ದರು. ಎರೆಮಣ್ಣಿನ ದಾರಿಯಲ್ಲಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕೆಸರು ಕಚ್ಚಿಕೊಂಡು ಗಾಡಿ ಜಪ್ಪಯ್ಯ ಅಂದರೂ ಮುಂದೆ ಹೋಗುತ್ತಿರಲಿಲ್ಲ. ಇವರು ಪ್ಯಾಂಟು ಮೊಣಕಾಲಿನವರೆಗೆ ಮಡಚಿ, ಕಡ್ಡಿಯಿಂದ ಮಣ್ಣು ಕೆದರುತ್ತಾ ಕೂರಬೇಕಾಗುತ್ತಿತ್ತು.

ಒಂದು ಸಂಜೆ ಚಪ್ಪಲಿ ಕೂಡ ಬಿಡದೆ ಅಡುಗೆಮನೆಯವರೆಗೂ ಬಂದು ಹೇಳಿದರು: "ಜೀಪು ತಗೊಂಡೆ."

ನಾನು ಸೌಟು ಹಿಡಿದುಕೊಂಡೇ ಬೀದಿಬಾಗಿಲಿಗೆ ಓಡಿದೆ. ಬೀದಿಯಲ್ಲಿ ಎದುರುಮನೆಯ ಎಮ್ಮೆ ಬಿಟ್ಟರೆ ಏನೂ ಇರಲಿಲ್ಲ.

"ಎಲ್ಲೈತ್ರಿ?"

"ಹರಿಹರದಾಗೈತೆ."

"ಓಡಿಸ್ಕೊಂಡು ಯಾಕ ಬರ್ಲಿಲ್ಲ?"

"ಇಂಜಿನ್ ಇಲ್ಲೈತೆ," ಎಂದರು, ಅದೇನೂ ವಿಶೇಷವಲ್ಲ ಎನ್ನುವ ಹಾಗೆ.

ಸಂಗತಿ ಇಷ್ಟು. ಹರಿಹರದ ಒಬ್ಬರು ತಮ್ಮ ಹಳೆಯ ಮಿಲಿಟರಿ ಜೀಪಿನ ಇಂಜಿನ್ನನ್ನೂ ಸ್ಟೇರಿಂಗ್ ಬಾಕ್ಸನ್ನೂ ಬಿಚ್ಚಿಸಿ, ದಾವಣಗೆರೆಯ ಗ್ಯಾರೇಜಿಗೆ ರಿಪೇರಿಗೆ ಕಳಿಸಿ, ಆಮೇಲೆ ಅದರ ಆಸೆಯನ್ನೇ ಬಿಟ್ಟಿದ್ದರು. ಹೃದಯ ನಮ್ಮೂರಲ್ಲಿ, ಮೈ ಪಕ್ಕದೂರಲ್ಲಿ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಗಾಡಿ, ಎಂಥ ಕೆಸರಲ್ಲೂ ನಿಲ್ಲುವುದಿಲ್ಲ ಅಂತ ನಮ್ಮವರು ಉಣ್ಣುವಾಗಲೂ ಅದನ್ನೇ ಹೇಳಿದರು. ಆದರೆ ಸದ್ಯಕ್ಕೆ ಅದಕ್ಕೆ ಸ್ಟೇರಿಂಗ್ ಇಲ್ಲ, ಬ್ರೇಕು ಒತ್ತಿದರೆ ಪೆಡಲು ಹೋಗಿ ತಳಕ್ಕೆ ಬಡಿಯುತ್ತದೆ. ಹಗ್ಗ ಕಟ್ಟಿ ಎಳೆದು ತರುವ ಮಾತೇ ಇರಲಿಲ್ಲ. ಯಾವುದರ ಮೇಲಾದರೂ ಹೇರಿಕೊಂಡೇ ಬರಬೇಕು.

ಅದಕ್ಕೆ ಆವರಗೆರೆಯ ಮಾವ ಸಿಕ್ಕರು. ನಮ್ಮವರ ಸೋದರಮಾವ. ಅವರ ಹತ್ತಿರ ಟ್ರ್ಯಾಕ್ಟರೂ ಎರಡು ಗಾಲಿಯ ಟ್ರೇಲರೂ ಇದ್ದವು. ದಿನಾ ಬೆಳಿಗ್ಗೆ ಎತ್ತಿಗೆ ಮೈ ತೊಳೆದ ಮೇಲೆ ಅದೇ ಬಕೆಟ್ಟಿನಲ್ಲಿ ಟ್ರ್ಯಾಕ್ಟರಿಗೂ ಮೈ ತೊಳೆಯುವ ಮನುಷ್ಯ. ನಮ್ಮ ಬೇಡಿಕೆ ಕೇಳಿ ಮೀಸೆ ಸವರಿಕೊಂಡರು. "ಭತ್ತ ಹೇರೀನಿ, ಕಬ್ಬು ಹೇರೀನಿ, ಮದುವಿ ದಿಬ್ಬಣ ಹೇರೀನಿ. ಗಾಡಿ ಮ್ಯಾಲೆ ಗಾಡಿ ಹೇರಿಲ್ಲ. ಬರ್ರಿ, ಅದನ್ನೂ ನೋಡೇ ಬಿಡಾನ."

ಭಾನುವಾರ ಹೊರಟೆವು. ನಾನೂ ಹೊರಟೆ. ಎರಡು ತಾಸಿನ ಕೆಲಸ ಅಂದಿದ್ದರು. ಸ್ಕೂಲಿಗೆ ರಜೆ, ತುಂಗಭದ್ರೆ ನೋಡಿದ ಹಾಗೂ ಆಯಿತು ಅಂದುಕೊಂಡೆ. ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಟಿಫನ್ ಕ್ಯಾರಿಯರಿಗೆ ತುಂಬಿ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಸ್ಕೂಟರಿನ ಹಿಂದೆ ಕೂತೆ. ಮಾವ ಬೆಳಗಿನ ಜಾವವೇ ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿದ್ದರು.

ಹರಿಹರದಲ್ಲಿ ಸ್ಟೇಷನ್ನಿಗೆ ಹೆಚ್ಚು ದೂರವಿಲ್ಲದ ಒಂದು ಹಿತ್ತಲಲ್ಲಿ, ಬೇವಿನ ಮರದ ಕೆಳಗೆ ನಮ್ಮ ಜೀಪು ನಿಂತಿತ್ತು. ಬಾನೆಟ್ಟಿನ ಮೇಲೆ ಹಪ್ಪಳ ಒಣಹಾಕಿದ್ದರು. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಮನೆಯ ಹೆಣ್ಣುಮಗಳು ಹಪ್ಪಳ ಎತ್ತಿಕೊಂಡಳು, ಕೋಳಿಯನ್ನು ಮೊಟ್ಟೆ ಸಮೇತ ಬುಟ್ಟಿಗೆ ವರ್ಗ ಮಾಡಿದಳು. ಕೋಳಿ ನಮ್ಮವರನ್ನು ನೋಡಿದ ನೋಟ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೇರುವುದು ಸಲೀಸಾಗಿ ಆಯಿತು. ಹಿತ್ತಲ ಪಕ್ಕದಲ್ಲಿ ಬಾವಿ ತೋಡಿದಾಗ ಹಾಕಿದ್ದ ಮಣ್ಣಿನ ದಿಬ್ಬವಿತ್ತು. ಮಾವ ಟ್ರೇಲರನ್ನು ಹಿಮ್ಮುಖ ತಂದು ಅದಕ್ಕೆ ಆನಿಸಿ, ಹಿಂದಿನ ಬಾಗಿಲು ಬಿಚ್ಚಿ ದಿಬ್ಬದ ಮೇಲೆ ಮಲಗಿಸಿದರು. ಎದುರಿನ ಚಹಾದಂಗಡಿಯಿಂದ ಏಳೆಂಟು ಜನ ಎದ್ದು ಬಂದರು. "ಹೈಸಾ" ಅಂದರು, ಜೀಪು ಹತ್ತಿಯೇ ಬಿಟ್ಟಿತು. ಇಷ್ಟು ಸುಲಭವಾಗಿ ಆದದ್ದೇ ನಮಗೆ ಮುಳುವಾಯಿತು ಅಂತ ಈಗ ಅನಿಸುತ್ತದೆ.

ಕಟ್ಟುವ ಕೆಲಸ ನಮ್ಮವರು ವಹಿಸಿಕೊಂಡರು. ಹೊಸ ನಾರಿನ ಹಗ್ಗ ತಂದಿದ್ದರು. ಹುಲ್ಲಿನ ಹೊರೆ ಕಟ್ಟುವ ಹಾಗೆ ಬಾನೆಟ್ಟಿನ ಮೇಲೆ ಎರಡು ಸುತ್ತು, ಹಿಂದಿನ ಬಂಪರಿಗೆ ಒಂದು ಸುತ್ತು ಹಾಕಿ, ಕಾಲು ಕೊಟ್ಟು ಎಳೆದು ಗಂಟು ಬಿಗಿದರು. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಜೀಪು ಟ್ರೇಲರಿನ ಹಿಂಭಾಗದಲ್ಲೇ ನಿಂತ ಹಾಗೆ ಕಂಡಿತು.

"ಅಲ್ರೀ, ಇನ್ನೂ ಸ್ವಲ್ಪ ಮುಂದಕ್ಕೆ ತಳ್ಳಬೇಕಲ್ಲ? ಭಾರ ಎಲ್ಲಾ ಹಿಂದೈತೆ," ಎಂದೆ.

"ಇದು ನಿಮ್ಮ ಸ್ಕೂಲಲ್ಲ," ಎಂದರು ಮೇಲಿನಿಂದ.

"ಗಾಲಿಗೆ ಏನಾದ್ರೂ ಅಡ್ಡ ಇಡಬ್ಯಾಡೇನು?"

"ಎರಡು ಇಟ್ಟಿಗೆ ಇಟ್ಟೀನಿ."

ಚಹಾದಂಗಡಿಯ ಬೆಂಚಿನ ತುದಿಯಲ್ಲಿ ಒಬ್ಬ ಮುದುಕರು ಕೂತಿದ್ದರು. ಬಿಳಿ ಗಡ್ಡ, ಚೌಕಳಿ ಲುಂಗಿ, ಮೇಲೆ ಬಣ್ಣ ಮಾಸಿದ ಖಾಕಿ ಕೋಟು. ಎಲ್ಲರೂ ತಳ್ಳುವುದಕ್ಕೆ ಎದ್ದಾಗ ಅವರು ಎದ್ದಿರಲಿಲ್ಲ. ಸಾಸರಿನಲ್ಲಿ ಚಹಾ ಆರಿಸಿಕೊಳ್ಳುತ್ತಾ ಹಗ್ಗವನ್ನೇ ನೋಡುತ್ತಿದ್ದರು. ನಮ್ಮವರು ಕೊನೆಯ ಗಂಟು ಹಾಕಿ ಕೈ ಕೊಡವಿಕೊಂಡಾಗ, "ಜರಾ ನಿಧಾನ ಹೋಗ್ರಿ," ಎಂದರು ಅಷ್ಟೇ. ನಮ್ಮವರು ಕೈ ಬೀಸಿ ಆಯಿತು ಎಂದರು.

ಮಾವ ಟ್ರ್ಯಾಕ್ಟರ್ ಹೊರಡಿಸಿದರು. ನಾವಿಬ್ಬರೂ ಸ್ಕೂಟರಿನಲ್ಲಿ ಮುಂದೆ ಹೋಗಿ ದಾರಿ ಬಿಡಿಸುವುದು ಅಂತ ಮಾತಾಗಿತ್ತು. ಸ್ಕೂಟರ್ ಶುರುವಾಗುವುದರೊಳಗೆ ಮುಂದೆ 'ಧಡ್' ಅಂತ ಸದ್ದಾಯಿತು. ಚಹಾದಂಗಡಿಯಿಂದ ನೂರು ಹೆಜ್ಜೆ ದೂರದಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಕಾಲುವೆ ಹಾಯುತ್ತಿತ್ತು. ಟ್ರೇಲರಿನ ಗಾಲಿ ಅದರಲ್ಲಿ ಇಳಿದು ಹತ್ತುವಾಗ ಜೀಪು ಒಮ್ಮೆ ಕುಣಿಯಿತು. ಕುಣಿದ ಕೂಡಲೇ ಹಗ್ಗ ಸಡಿಲಾಯಿತು. ಇಟ್ಟಿಗೆ ಪುಡಿಯಾಯಿತು. ಜೀಪು ಯಾವ ಅವಸರವೂ ಇಲ್ಲದೆ ಹಿಂದಕ್ಕೆ ಹೊರಟು, ಬಾಗಿಲಿನ ಕೊಂಡಿ ಕಿತ್ತುಕೊಂಡು, ಹಿಂದಿನ ಎರಡು ಗಾಲಿ ಗಾಳಿಯಲ್ಲಿ ಇಳಿಬಿಟ್ಟು, ಹೊಟ್ಟೆಯ ಮೇಲೆ ನಿಂತಿತು. ಟ್ರೇಲರಿನ ಹಿಂಭಾಗ ನೆಲಕ್ಕೆ ಬಗ್ಗಿತು, ಮೂಗು ಮೇಲೆದ್ದಿತು, ಟ್ರ್ಯಾಕ್ಟರಿನ ಬೆನ್ನನ್ನೂ ಹಿಡಿದೆತ್ತಿತು. ಮಾವ ಮುಂದಕ್ಕೆ ಹೋಗಲು ನೋಡಿದರೆ ಭಾರ ತಪ್ಪಿದ ದೊಡ್ಡ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗಿದವು. ಕಾಲುವೆಯ ಕೆಸರೆಲ್ಲ ಓಡಿ ಬಂದ ನಮ್ಮವರ ಬಿಳಿ ಅಂಗಿಯ ಮೇಲೆ ಬಂದು ಕೂತಿತು.

ಯಾರಿಗೂ ಏನೂ ಆಗಲಿಲ್ಲ. ಹಿಂದೆ ಯಾರೂ ಇರಲಿಲ್ಲ, ಅದು ನಮ್ಮ ಪುಣ್ಯ. ಮೊದಲು ಮಾವನಿಗೆ ಏನಾಯಿತೋ ಎಂದು ಓಡಿ ನೋಡಿದೆ. ಆಮೇಲೆ ನಮ್ಮವರ ಮುಖ, ಅದರ ಮೇಲೆ ಹುಬ್ಬಿನ ತನಕ ಕೆಸರು ನೋಡಿ ಸೆರಗು ಬಾಯಿಗೆ ತುರುಕಿಕೊಂಡೆ. ಮಾವ ಟ್ರ್ಯಾಕ್ಟರ್ ನಿಲ್ಲಿಸಿ, "ನಿನ್ನ ಜೀಪು ಮನಿಗೆ ಬರಾಕ ಒಲ್ಲೆ ಅಂತೈತಲ್ಲೋ," ಎಂದರು. ಆಗ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಮೊದಲು ಮುಖ ಗಂಟಿಕ್ಕಿದ ನಮ್ಮವರೂ ಕೊನೆಗೆ ನಕ್ಕರು.

ಖಾಕಿ ಕೋಟಿನ ಮುದುಕರು ಸಾಸರು ಕೆಳಗಿಟ್ಟು ನಿಧಾನವಾಗಿ ನಡೆದು ಬಂದರು. ಜೀಪಿನ ಸುತ್ತ ಒಂದು ಸುತ್ತು ಹಾಕಿದರು. ನಮ್ಮವರು ಕೇಳಿದರು: "ಇದು ನಿಲ್ಲಂಗಿಲ್ಲ ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತೆ ಯಾಕ ಹೇಳ್ಲಿಲ್ಲ?"

"ನಿಮ್ಮ ಮನಿಯವರು ಹೇಳಾಕ ಹತ್ತಿದ್ರು. ಅವರ ಮಾತೇ ಕೇಳ್ಲಿಲ್ಲ, ನನ್ನ ಮಾತು ಕೇಳ್ತಿದ್ರೇನು?"

ಚಹಾದಂಗಡಿಯವರು ಹೇಳಿದರು, ಈ ಚಾಚಾ ಗೂಡ್ಸ್ ಶೆಡ್ಡಿನಲ್ಲಿ ಹಮಾಲರ ಮೇಸ್ತ್ರಿಯಾಗಿದ್ದವರು, ಮೂವತ್ತು ವರ್ಷ ರೈಲಿನ ಬೋಗಿಗಳ ಮೇಲೆ ಯಂತ್ರ, ಬಾಯ್ಲರು, ಮೋಟಾರು ಗಾಡಿ ಹೇರಿಸಿ ಕಟ್ಟಿಸಿದವರು, ಅವರು ಕಟ್ಟಿಸಿದ್ದು ಒಂದೂ ಜಾರಿಲ್ಲ ಅಂತ. ಅಂದಿನಿಂದ ನಮಗೂ ಅವರು ಚಾಚಾ ಆದರು.

"ಈಗ ಏನು ಮಾಡೋಣ ಚಾಚಾ?" ಎಂದೆ.

"ಮೊದ್ಲು ಚಹಾ ಕುಡೀರಿ. ಸಿಟ್ಟಿನಾಗ ಹಗ್ಗ ಮುಟ್ಟಬಾರದು."

ಚಹಾ ಆಯಿತು. ಅಷ್ಟರಲ್ಲಿ ಚಾಚಾ ಮನೆಗೆ ಹೋಗಿ ಗೋಣಿಚೀಲದಲ್ಲಿ ಏನೋ ಭಾರವಾದದ್ದನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಬಿಚ್ಚಿದರೆ ನಾಲ್ಕು ಕಬ್ಬಿಣದ ಚೈನು, ಎಣ್ಣೆ ಸವರಿ ಇಟ್ಟಿದ್ದವು. ಜೊತೆಗೆ ನಾಲ್ಕು ತಿರುಪಿನ ಕೊಕ್ಕೆ. ನಡುವಿನ ಕೊಳವೆಯನ್ನು ತಿರುಗಿಸಿದರೆ ಎರಡೂ ಕಡೆಯ ಕೊಕ್ಕೆ ಒಳಕ್ಕೆ ಬಂದು ಚೈನು ಬಿಗಿಯಾಗುತ್ತದೆ. ಒಂದಿಷ್ಟು ಜಾಲಿ ಮರದ ಬೆಣೆ, ದೊಡ್ಡ ಮೊಳೆ, ಸುತ್ತಿಗೆ, ಹಳೆಯ ಗೋಣಿ ತುಂಡುಗಳೂ ಇದ್ದವು.

ಅವರು ಮೊದಲು ಮಾಡಿಸಿದ್ದು, ಜೀಪನ್ನು ಪೂರ್ತಿ ಕೆಳಗಿಳಿಸಿದ್ದು. ಅರ್ಧ ಕೆಟ್ಟದ್ದನ್ನು ಅಲ್ಲೇ ಸರಿ ಮಾಡುವುದು ಬೇಡ, ಮೊದಲಿನಿಂದ ಮಾಡೋಣ ಎಂದರು. ಮತ್ತೆ ದಿಬ್ಬಕ್ಕೆ ತಂದು ಮತ್ತೆ ಹೇರಿದೆವು. ಈ ಸಲ ಅವರು ಟ್ರೇಲರಿನ ಪಕ್ಕ ನಿಂತು, ಗಾಲಿಯ ನಡುವಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಜೀಪಿನ ಭಾರ ಆ ಗೆರೆಗಿಂತ ಒಂದು ಗೇಣು ಮುಂದೆ ಬರುವ ತನಕ ಜನರಿಂದ ತಳ್ಳಿಸಿದರು.

"ಪೂರಾ ಮುಂದೆ ಬ್ಯಾಡ, ಟ್ರ್ಯಾಕ್ಟರ್ ಬೆನ್ನು ಮುರೀತೈತಿ. ಹಿಂದೆ ಅಂತೂ ಬಿಲ್ಕುಲ್ ಬ್ಯಾಡ. ನೋಡಿದ್ರೆಲ್ಲ ಏನಾತು ಅಂತ. ಜರಾ ಮುಂದೆ."

ನಾನು, "ಇದು ತಕ್ಕಡಿ ಇದ್ದಂಗೆ ಅಲ್ಲೇನು ಚಾಚಾ?" ಎಂದೆ. ಅವರು ನನ್ನನ್ನು ಒಂದು ಸಲ ನೋಡಿ, "ನೀವು ಮ್ಯಾಲೆ ಬರ್ರಿ ಟೀಚರಮ್ಮ, ಹಗ್ಗ ಹಿಡೀರಿ," ಎಂದರು. ಸೆರಗು ಸೊಂಟಕ್ಕೆ ಸಿಗಿಸಿ ಹತ್ತಿದೆ. ಬೆಂಚಿನ ಮೇಲಿದ್ದವರಿಗೆ ಇದೊಂದು ನೋಟವಾಯಿತು.

ಗೇರು ಹಾಕಿಸಿದರು, ಹ್ಯಾಂಡ್‌ಬ್ರೇಕು ಎಳೆಸಿದರು. ಇಂಜಿನ್ನೇ ಇಲ್ಲವಲ್ಲ ಎಂದು ನಮ್ಮವರು ಅಂದರೆ, "ಇದ್ದಷ್ಟು ಹಿಡೀಲಿ," ಎಂದರು. ನಾಲ್ಕೂ ಗಾಲಿಯ ಹಿಂದೆ ಮುಂದೆ ಜಾಲಿ ಬೆಣೆ ಇಟ್ಟು ಟ್ರೇಲರಿನ ಹಲಗೆಗೆ ಮೊಳೆ ಹೊಡೆದರು. ಮಾವನಿಗೆ ಹಲಗೆಯ ಮೇಲೆ ಮೊಳೆ ಹೊಡೆಯುವುದು ಕರುಳಿಗೆ ಹೊಡೆದ ಹಾಗೆ ಆಯಿತು. ಆದರೂ ತಾವೇ ಮೊಳೆ ಎತ್ತಿ ಕೊಟ್ಟರು.

ಆಮೇಲೆ ಚಾಚಾ ಜೀಪಿನ ಕೆಳಗೆ ನುಸುಳಿದರು. ಆ ವಯಸ್ಸಿನಲ್ಲಿ ಬೆನ್ನ ಮೇಲೆ ಮಲಗಿ ಒಳಗೆ ಜಾರಿದ್ದು ನೋಡಿ ನಮ್ಮವರೂ ನಾಚಿ ಇನ್ನೊಂದು ಕಡೆಯಿಂದ ನುಸುಳಿದರು. ಒಳಗಿನಿಂದ ಚಾಚಾನ ಪಾಠ ಕೇಳುತ್ತಿತ್ತು.

"ನೀವು ಮೈಗೆ ಹಗ್ಗ ಹಾಕಿದ್ರಿ. ಮೈ ಸ್ಪ್ರಿಂಗಿನ ಮ್ಯಾಲೆ ಕುಂತೈತೆ. ಗುಂಡಿ ಬಂತು, ಮೈ ಕೆಳಗ ಹೋತು, ಹಗ್ಗ ಸಡಿಲಾತು. ಇದು ನೋಡ್ರಿ, ಆಕ್ಸಲ್. ಗಾಲಿ ಜೋಡಿ ಇರ್ತೈತೆ. ಇದು ಕುಣಿಯಂಗಿಲ್ಲ. ಕಟ್ಟೋದಾದ್ರೆ ಇದನ್ನ ಕಟ್ಟಬೇಕು."

ಮುಂದಿನ ಆಕ್ಸಲಿನ ಎಡದಿಂದ ಹೊರಟ ಚೈನು ಟ್ರೇಲರಿನ ಮುಂದಿನ ಬಲಮೂಲೆಗೆ, ಬಲದಿಂದ ಹೊರಟದ್ದು ಎಡಮೂಲೆಗೆ. ಹಿಂದೆಯೂ ಹಾಗೇ. ಯಾಕೆ ಹೀಗೆ ಅಡ್ಡಡ್ಡ ಅಂತ ನಾನು ಕೇಳಿದೆ.

"ಮುಂದಿನ ಚೈನು ಹಿಂದಕ್ಕೆ ಹೋಗಬ್ಯಾಡ ಅಂತೈತೆ. ಹಿಂದಿನ ಚೈನು ಮುಂದಕ್ಕೆ ಹೋಗಬ್ಯಾಡ ಅಂತೈತೆ. ಅಡ್ಡ ಹಾಕಿದ್ರೆ ಎರಡೂ ಸೇರಿ ಪಕ್ಕಕ್ಕೂ ಬ್ಯಾಡ ಅಂತಾವು. ಪಾಪ, ಜೀಪು ಎಲ್ಲಿಗೆ ಹೋಗ್ಬೇಕು?"

ಬಲಗಳ ಪಾಠವನ್ನು ನಾನು ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಎಷ್ಟು ಸಲ ಹೇಳಿದ್ದೆನೋ. ಇಷ್ಟು ಚೆನ್ನಾಗಿ ಒಮ್ಮೆಯೂ ಹೇಳಿರಲಿಲ್ಲ. ಮೈ ಓಲಾಡಬಾರದು ಅಂತ ಕೊನೆಗೆ ಮೇಲಿನಿಂದಲೂ ಹಗ್ಗ ಹಾಕಿದರು, ಅಂಚು ತಾಗುವ ಕಡೆಯೆಲ್ಲ ಗೋಣಿ ತುಂಡು ಮಡಚಿ ಇಟ್ಟರು. ಆ ಹಗ್ಗ ಬಿಗಿಯಲು ನನಗೊಂದು ಗಂಟು ಕಲಿಸಿದರು. ಹಗ್ಗದ ನಡುವೆ ಒಂದು ಕಿವಿ ಮಾಡಿ, ತುದಿಯನ್ನು ಟ್ರೇಲರಿನ ಕೊಕ್ಕೆಗೆ ಸುತ್ತಿ ತಂದು ಆ ಕಿವಿಯಲ್ಲಿ ತೂರಿಸಿ ಕೆಳಕ್ಕೆ ಎಳೆಯುವುದು. ಎಳೆದೆ. ನನ್ನ ಕೈಯಲ್ಲಿ ಇಷ್ಟು ಬಲ ಎಲ್ಲಿತ್ತು ಅನ್ನುವ ಹಾಗೆ ಹಗ್ಗ ಬಿಗಿಯಿತು.

"ಅರೆ, ಇದು ರಾಟೆ!" ಎಂದು ಕೂಗಿದೆ.

"ರಾಟೆನೋ ಗೀಟೆನೋ, ನಮ್ಮ ಅಬ್ಬಾ ಕಲಿಸಿದ್ದು," ಎಂದರು ಚಾಚಾ.

ಬಾನೆಟ್ಟು ಕಟ್ಟಿಸಿದರು, ಗಾಜಿನ ಚೌಕಟ್ಟು ಮಡಚಿಸಿ ಕಟ್ಟಿಸಿದರು, ಸೀಟಿನ ಕೆಳಗಿದ್ದ ಜಾಕು, ಸ್ಪ್ಯಾನರು ಎಲ್ಲ ತೆಗೆಸಿ ಗೋಣಿಗೆ ಹಾಕಿಸಿದರು. ಹಿಂದೆ ತೂಗಬಿಡಲು ಕೆಂಪು ಬಟ್ಟೆ ಬೇಕು ಎಂದಾಗ ನನ್ನ ಟಿಫನ್ನಿನ ಗಂಟು ಬಿಚ್ಚಿ ಕೊಟ್ಟೆ. ಕೊನೆಗೆ ಒಂದೊಂದೇ ಹಗ್ಗವನ್ನು ಬೆರಳಿನಿಂದ ಮೀಟಿ, ಕಿವಿ ಹತ್ತಿರ ತಂದು ಕೇಳಿದರು. ಒಂದು 'ಬೊಂಯ್' ಅಂದಿತು. ತಲೆಯಾಡಿಸಿದರು. ಇನ್ನೊಂದು 'ಬದ್' ಅಂದಿತು. "ಇದು ಇನ್ನೂ ನಿದ್ದಿ ಮಾಡಾಕ ಹತ್ತೈತೆ," ಅಂತ ಮತ್ತೆ ಬಿಗಿದರು. ಜೀಪಿನ ಭುಜ ಹಿಡಿದು ಜೋರಾಗಿ ಅಲ್ಲಾಡಿಸಿದರು. ಜೀಪು ಅಲ್ಲಾಡಿದರೆ ಟ್ರೇಲರು, ಟ್ರೇಲರಿನ ಜೊತೆ ಟ್ರ್ಯಾಕ್ಟರೂ ಅಲ್ಲಾಡಿತು. "ಈಗ ಎಲ್ಲಾ ಒಂದೇ ಸಾಮಾನು ಆತು," ಎಂದರು.

ಅವರೂ ನಮ್ಮ ಜೊತೆ ಹೊರಟರು. ಚೈನು ತಮ್ಮದು, ವಾಪಸು ತರಬೇಕಲ್ಲ ಎಂದು ನೆಪ ಹೇಳಿದರು. ಟ್ರೇಲರಿನ ಮೇಲೆ ಯಾರೂ ಕೂರಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಮಾವನ ಎಡಬಲದ ಮಡ್‌ಗಾರ್ಡಿನ ಮೇಲೆ ನಾನೂ ಚಾಚಾನೂ ಕೂತೆವು. ನಮ್ಮವರಿಗೆ, "ನೀವು ಸ್ಕೂಟರಿನಾಗ ಹಿಂದೆ ದೂರ ಬರ್ರಿ, ಕಣ್ಣು ಚೈನಿನ ಮ್ಯಾಲಿರ್ಲಿ," ಎಂದರು. ಹೀಗೆ ಜೀಪಿನ ಯಜಮಾನರು ಹರಿಹರದಿಂದ ದಾವಣಗೆರೆಯವರೆಗೂ ಅದರ ಧೂಳು ಕುಡಿಯುತ್ತಾ ಬಂದರು.

ಒಂದು ಮೈಲಿ ಹೋದ ಮೇಲೆ ಚಾಚಾ ಕೈ ಎತ್ತಿ ನಿಲ್ಲಿಸಿದರು. ಏನೂ ಆಗಿಲ್ಲವಲ್ಲ ಎಂದರು ಮಾವ. "ಆಗೋಕೆ ಮೊದ್ಲೇ ನಿಲ್ಲಿಸ್ಬೇಕು," ಎಂದು ಇಳಿದು ನೋಡಿದರೆ, ನಾನು ಅಷ್ಟು ಹೆಮ್ಮೆಯಿಂದ ಬಿಗಿದಿದ್ದ ಹಗ್ಗ ಎರಡು ಬೆರಳು ಸಡಿಲಾಗಿತ್ತು. ಹೊಸ ಹಗ್ಗ ಹಾಗೇ, ಮೊದಲು ಹಿಗ್ಗುತ್ತದೆಯಂತೆ. ಮತ್ತೆ ಬಿಗಿದೆ. ಇನ್ನೆರಡು ಮೈಲಿಗೆ ಮತ್ತೆ ನಿಲ್ಲಿಸಿದರು. ಈ ಸಲ ಸಡಿಲವಾಗಿರಲಿಲ್ಲ. ಚಾಚಾ ನನ್ನ ಗಂಟನ್ನು ತಟ್ಟಿ, "ಪಾಸ್," ಎಂದರು. ಬಿ.ಎಸ್ಸಿ. ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಅರ್ಧ ದಾರಿ ದಾಟಿದ ಮೇಲೆ ಆದದ್ದು. ಪಕ್ಕದ ಹೊಲದ ದಾರಿಯಿಂದ ಮೇವು ತುಂಬಿದ ಚಕ್ಕಡಿಯೊಂದು ಏಕ್‌ದಂ ರಸ್ತೆಗೆ ಬಂತು. ಮಾವ ಎರಡೂ ಕಾಲು ಬ್ರೇಕಿನ ಮೇಲೆ ಹಾಕಿ ನಿಂತೇಬಿಟ್ಟರು. ನಾನು ಸೀಟಿನ ಕಂಬಿ ಹಿಡಿದುಕೊಂಡೆ. ಕಾಲಬಳಿ ಇದ್ದ ಟಿಫನ್ ಕ್ಯಾರಿಯರು ಹಾರಿ ಹೋಗಿ ರಸ್ತೆಯ ಮೇಲೆ ಉರುಳಿ, ಮೂರು ಡಬ್ಬಿ ಮೂರು ದಿಕ್ಕಿಗೆ ಹೋದವು. ಹಿಂದೆ ನಮ್ಮವರು ಸ್ಕೂಟರ್ ಜಾರಿಸಿಕೊಂಡು ಬಂದು ಟ್ರೇಲರಿಗೆ ಎರಡು ಮೊಳ ದೂರದಲ್ಲಿ ನಿಂತರು. ಕೆಂಪು ಬಟ್ಟೆ ಮುಖಕ್ಕೆ ಬಡಿಯಿತು. ನಾವೆಲ್ಲ ಹಿಂತಿರುಗಿ ನೋಡಿದೆವು. ಜೀಪು ಇದ್ದಲ್ಲೇ ಇತ್ತು. ಕೂದಲೆಳೆಯಷ್ಟೂ ಸರಿದಿರಲಿಲ್ಲ.

ನಮ್ಮವರು ಸ್ಕೂಟರ್ ನಿಲ್ಲಿಸಿ ಬಂದು ಬೆಣೆ ಮುಟ್ಟಿ ನೋಡಿದರು, ಚೈನು ಮುಟ್ಟಿ ನೋಡಿದರು. ಆಮೇಲೆ ಚಾಚಾನ ಮುಂದೆ ಬಂದು ನಿಂತು, "ಅಲುಗಾಡಿಲ್ರಿ ಚಾಚಾ," ಎಂದರು. ಮೊದಲಿನ ಕಟ್ಟು ಇದ್ದಿದ್ದರೆ ಆ ಜೀಪು ನಮ್ಮ ಮೂವರ ಬೆನ್ನ ಮೇಲೆ ಬರುತ್ತಿತ್ತು. ಅದು ಅವರಿಗೂ ಹೊಳೆದಿತ್ತು, ನನಗೂ ಹೊಳೆದಿತ್ತು. ಚಕ್ಕಡಿಯವನು ಇಳಿದು, ಎತ್ತುಗಳಿಗೆ ಬೈದು, ನನ್ನ ಡಬ್ಬಿಗಳನ್ನು ಹುಡುಕಿ ತಂದುಕೊಟ್ಟ. ಚಪಾತಿ ಉಳಿದಿದ್ದವು. ಮೊಸರನ್ನ ರಸ್ತೆಯ ಪಾಲಾಗಿತ್ತು.

ಮಧ್ಯಾಹ್ನ ಮೂರರ ಸುಮಾರಿಗೆ ದಾವಣಗೆರೆ ಸೇರಿ ಗ್ಯಾರೇಜಿನಲ್ಲಿ ಜೀಪು ಇಳಿಸಿದೆವು. ಚೈನು ಬಿಚ್ಚುವುದಕ್ಕೂ ಚಾಚಾ ಒಂದು ಕ್ರಮ ಹೇಳಿದರು, ಗಾಲಿಯ ಬೆಣೆ ಎಲ್ಲಕ್ಕಿಂತ ಕೊನೆಗೆ. ಎಲ್ಲರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಗ್ಯಾರೇಜಿನ ಎದುರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು, ನನ್ನ ಚಪಾತಿ ಹಂಚಿಕೊಂಡು ಅದೇ ಟ್ರೇಲರಿನ ಹಲಗೆಯ ಮೇಲೆ ಸಾಲಾಗಿ ಕೂತು ತಿಂದೆವು. ಮಾವ ಮೊಳೆಯ ತೂತುಗಳನ್ನು ಎಣಿಸುತ್ತಾ ಬಜ್ಜಿ ಕಡಿಯುತ್ತಿದ್ದರು. ಸಂಜೆಯ ಗಾಡಿಗೆ ಚಾಚಾನನ್ನು ಸ್ಟೇಷನ್ನಿಗೆ ಬಿಟ್ಟು ಬಂದ ನಮ್ಮವರು, ಮನೆಯಲ್ಲಿ ಕೆಸರಿನ ಅಂಗಿ ಬಿಚ್ಚುತ್ತಾ, "ಇನ್ನು ಮ್ಯಾಲೆ ನೀನು ಏನಾದ್ರೂ ಹೇಳಿದ್ರೆ ಇದು ಸ್ಕೂಲಲ್ಲ ಅನ್ನಂಗಿಲ್ಲ ಬಿಡು," ಎಂದರು. ಆ ಮಾತನ್ನು ಅವರು ಸುಮಾರು ಒಂದು ವಾರ ಉಳಿಸಿಕೊಂಡರು.

ಎರಡು ತಿಂಗಳಿಗೆ ಜೀಪಿಗೆ ಜೀವ ಬಂತು. ಮೊದಲ ಭಾನುವಾರವೇ ಹರಿಹರಕ್ಕೆ ಹೋದೆವು. ಚಾಚಾನ ಮನೆ ಮುಂದೆ ನಿಲ್ಲಿಸಿ ಹಾರನ್ ಹೊಡೆದಾಗ ಅವರು ಹೊರಗೆ ಬಂದು, ಮೊದಲು ನಮ್ಮನ್ನಲ್ಲ, ಬಗ್ಗಿ ಆಕ್ಸಲನ್ನು ನೋಡಿದರು. "ಹತ್ರಿ ಚಾಚಾ, ಒಂದು ಸುತ್ತು ಹೋಗಿ ಬರೋಣ," ಎಂದರು ನಮ್ಮವರು. ಚಾಚಾ ಹತ್ತಲಿಲ್ಲ. ಗಡ್ಡ ಕೆರೆದುಕೊಂಡು ನಿಂತರು.

"ಯಾಕ್ರಿ?"

"ಲಡಾಯಿ ಟೈಮಿನಾಗ ಇಂಥವು ಎಷ್ಟು ಕಟ್ಟಿ ಕಳಿಸೀನೋ ಲೆಕ್ಕ ಇಲ್ಲ. ಒಂದ್ರಾಗೂ ಕುಂತಿಲ್ಲ," ಎಂದರು ಮೆಲ್ಲಗೆ. "ಹತ್ತೋದು ಯಾವ ಕಡೆಯಿಂದ?"

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬುರ್ಖಾ ಸರಿಮಾಡಿಕೊಳ್ಳುತ್ತಾ ಬಂದರು. ಕುಳ್ಳಗೆ, ದುಂಡಗೆ, ನಗುಮುಖದ ಅಮ್ಮ. ಯಾರನ್ನೂ ಕೇಳದೆ ಮುಂದಿನ ಸೀಟಿನ ಕಂಬಿ ಹಿಡಿದು ಹತ್ತಿ ಕೂತರು. "ಮೂವತ್ತು ವರ್ಷ ಇವರ ಚೈನಿಗೆ ಎಣ್ಣಿ ಹಚ್ಚೀನಿ. ಮುಂದೆ ನಾನೇ ಕೂಡ್ರೋದು," ಎಂದರು. ಚಾಚಾ ನನ್ನ ಜೊತೆ ಹಿಂದೆ ಹತ್ತಿದರು.

ತುಂಗಭದ್ರೆಯ ಸೇತುವೆಯ ಮೇಲೆ ಹೋದೆವು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಗಾಳಿಗೆ ಚಾಚಾನ ಗಡ್ಡ ಒಂದು ಕಡೆಗೆ ಹಾರುತ್ತಿತ್ತು, ಅವರು ಎರಡೂ ಕೈಯಿಂದ ಕಂಬಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಹೆದರಿಕೆಯೇನೋ ಎಂದು ಕೇಳಿದೆ. ತಲೆ ಅಡ್ಡ ಆಡಿಸಿದರು. ಮುಂದಿನ ಸೀಟಿನಿಂದ ಅವರ ಹೆಂಡತಿ ನಮ್ಮವರ ಭುಜ ತಟ್ಟಿ, "ಬೇಟಾ, ಇದಕ್ಕಿಂತ ಜೋರಾಗಿ ಹೋಗಂಗಿಲ್ಲೇನಿದು?" ಎಂದು ಕೇಳಿದರು. ನಮ್ಮವರು ಗೇರು ಬದಲಿಸಿದರು.